ಮಿಷನ್ ಕಾಣಿಕೆ ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು? ದುಡ್ಡು ಕೊಟ್ಟರೆ ಸಾಕೇ?

ನೀವು ಕೇಳಿರುವುದು ಇಷ್ಟು: ಬ್ಯಾಂಕ್ ಕೆಲಸಕ್ಕೆಂದು ದಾವಣಗೆರೆಗೆ ಹೊಸದಾಗಿ ಬಂದಿದ್ದೀರಿ, ಇಲ್ಲಿನ ಒಂದು ಕ್ರೈಸ್ತ ಸಭೆಗೆ, ಅಂದರೆ ಚರ್ಚಿಗೆ, ಹೋಗುತ್ತಿದ್ದೀರಿ. ಅಲ್ಲಿ ತಿಂಗಳಿಗೊಮ್ಮೆ ಮಿಷನ್ ಕಾಣಿಕೆ, ಅಂದರೆ ದೂರದೂರುಗಳಲ್ಲಿ ಸುವಾರ್ತೆ ಸೇವೆಗೆ ನಿಂತವರಿಗಾಗಿ ದುಡ್ಡು, ಎತ್ತುತ್ತಾರೆ, ಅದು ಸಾಲದೆಂಬಂತೆ ವಾಟ್ಸಾಪಿನಲ್ಲಿ ದಿನಕ್ಕೊಂದು ಕ್ಯೂಆರ್ ಕೋಡ್ ಬರುತ್ತದೆ. ಊರಲ್ಲಿರುವ ಅಪ್ಪ ಅಮ್ಮನಿಗೂ ಕಳಿಸಬೇಕು. ಹೀಗಿರುವಾಗ ಯಾರಿಗೆ ಎಷ್ಟು ಕೊಡಬೇಕು, ದುಬೈಯಲ್ಲಿರುವ ನಿಮ್ಮ ಅಣ್ಣ ಕೊಡಬಹುದೇ, ಸೇವೆಗೆ ಹೊರಡಲಾಗದವರು ದುಡ್ಡು ಕೊಟ್ಟು ಸುಮ್ಮನಿದ್ದರೆ ಸಾಕೇ.

ನಾನು ಇದೇ ಊರಿನ ಒಂದು ಸಭೆಯಲ್ಲಿ ಬಹಳ ಕಾಲ ಖಜಾಂಚಿಯಾಗಿದ್ದವನು. ದೇವಶಾಸ್ತ್ರ ಓದಿದವನಲ್ಲ. ಕಾಣಿಕೆ ಚೀಲ ಎಣಿಸಿದವನ ಮಾತು ಅಂತ ಓದಿಕೊಳ್ಳಿ.

ಮೊದಲು ಅಪ್ಪ ಅಮ್ಮನ ವಿಷಯ ಮುಗಿಸಿಬಿಡೋಣ. ಬೈಬಲಿನಲ್ಲಿ ಮಾರ್ಕನ 7ನೇ ಅಧ್ಯಾಯ ತೆಗೆದು ನೋಡಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್', ಅಂದರೆ ದೇವರಿಗೆ ಮೀಸಲು, ಅಂತ ಹೇಳಿ ಕೈತೊಳೆದುಕೊಳ್ಳುವವರನ್ನು ಯೇಸು ಅಲ್ಲಿ ಎಷ್ಟು ಖಾರವಾಗಿ ಬೈದಿದ್ದಾನೆ! ಊರಿಗೆ ಕಳಿಸುವ ದುಡ್ಡಿಗೆ ಕತ್ತರಿ ಹಾಕಿ ಮಿಷನ್ ಪೆಟ್ಟಿಗೆಗೆ ಹಾಕಬೇಡಿ. ಯಾರಾದರೂ ಹಾಗೆ ಮಾಡಿ ಅಂದರೆ ಈ ಅಧ್ಯಾಯ ತೋರಿಸಿ.

ಎಷ್ಟು ಅನ್ನುವುದಕ್ಕೆ ದಶಮಾಂಶ ಅಂತ ಥಟ್ಟನೆ ಉತ್ತರ ಬರುತ್ತದೆ, ಅದರ ಹಿಂದೆಯೇ ಮಲಾಕಿಯನ 3ನೇ ಅಧ್ಯಾಯವೂ ಬರುತ್ತದೆ. ಹತ್ತರಲ್ಲೊಂದು ಕೊಡುವವರನ್ನು ನಾನು ಗೌರವಿಸುತ್ತೇನೆ, ನನ್ನ ಮನೆಯಲ್ಲೂ ಅದೇ ರೂಢಿ. ಆದರೆ ಕೊಡದಿದ್ದರೆ ಮಿಕ್ಕ ಒಂಬತ್ತು ಪಾಲಿಗೂ ಶಾಪ ತಟ್ಟುತ್ತದೆ ಅಂತ ಹೆದರಿಸಿ ತೆಗೆದುಕೊಂಡ ದುಡ್ಡು ಕಾಣಿಕೆಯೇ ಅಲ್ಲ ಅಂತ ನನ್ನ ಅಭಿಪ್ರಾಯ. ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದದ್ದರಲ್ಲಿ ಇಂತಿಷ್ಟು ಅಂತ ದರ ಇಲ್ಲ. ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಷ್ಟು ಕೊಡಿ, ಗೊಣಗಿಕೊಂಡು ಬೇಡ, ಬಲವಂತಕ್ಕೂ ಬೇಡ ಅನ್ನುತ್ತಾನೆ. ಮೊದಲನೇ ಪತ್ರದ ಕೊನೆಯಲ್ಲಿ ಇನ್ನೊಂದು ಮಾತಿದೆ, ಅದು ನನ್ನಂಥ ಲೆಕ್ಕದವರಿಗೆ ಬಹಳ ಇಷ್ಟ: ವಾರದ ಮೊದಲನೆಯ ದಿನ ಪ್ರತಿಯೊಬ್ಬರೂ ತಮಗೆ ಬಂದದ್ದರಲ್ಲಿ ಒಂದು ಪಾಲು ತೆಗೆದಿಡಿ, ನಾನು ಬಂದ ಮೇಲೆ ವಸೂಲಿ ಶುರುಮಾಡುವ ಹಾಗಾಗಬಾರದು. ತಪ್ಪದೆ ತೆಗೆದಿಡುವುದು, ಸಾಕಷ್ಟು ಮೊದಲೇ ತೆಗೆದಿಡುವುದು. ನನಗೆ ಹೇಳಲಿಕ್ಕಿರುವುದೂ ಮುಖ್ಯವಾಗಿ ಅದನ್ನೇ.

ಯಾಕೆ ಅಂತ ಕೇಳಿದರೆ ಚರ್ಚಿನ ಸುಗ್ಗಿ ಹಬ್ಬದ ಮಾತೆತ್ತಬೇಕು. ನೀವು ಇನ್ನೂ ನೋಡಿರಲಿಕ್ಕಿಲ್ಲ. ಅವತ್ತು ಬೆಳಿಗ್ಗೆ ಬಲಿಪೀಠದ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಭದ್ರಾ ನಾಲೆ ಬಯಲಿನ ಭತ್ತ, ಮೆಕ್ಕೆಜೋಳದ ತೆನೆ, ಚನ್ನಗಿರಿ ಕಡೆಯವರ ಅಡಿಕೆ ಗೊನೆ, ಚಳ್ಳಕೆರೆಯ ನೆಂಟರು ಕೊಟ್ಟ ಶೇಂಗಾ ಚೀಲ, ಹೊಲ ಇಲ್ಲದವರ ಮನೆಯ ಹೋಳಿಗೆ, ಕಾಲು ಕಟ್ಟಿದ ನಾಟಿ ಕೋಳಿ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಒಂದು ವರ್ಷ ಒಂದೇ ಒಂದು ನಿಂಬೆಹಣ್ಣಿಗೆ ಇಬ್ಬರು ಹಠಕ್ಕೆ ಬಿದ್ದರು. ಒಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬರು ಗುತ್ತಿಗೆದಾರರು. ಹರಾಜು ಕೂಗುವವನು 'ಹಾಕ್ರೀ ಮೇಷ್ಟ್ರೇ, ಪೆನ್ಷನ್ ಬಂದೈತಲ್ಲ!' ಅಂತ ಕಿಚಾಯಿಸಿದ. ಐನೂರು ದಾಟಿತು. ಗೆದ್ದ ಗುತ್ತಿಗೆದಾರರು ಆ ನಿಂಬೆಹಣ್ಣನ್ನು ಮೇಷ್ಟ್ರ ಜೇಬಿಗೇ ತುರುಕಿದರು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ಈ ಗದ್ದಲದಲ್ಲಿ ಕೋಳಿ ದಾರ ಕಿತ್ತುಕೊಂಡು ಸಭಾಪಾಲಕರ ಮನೆಯ ಹಿತ್ತಲು ಸೇರಿತ್ತು.

ಆ ದಿನ ನನಗೂ ಇಷ್ಟವೇ. ಆದರೆ ಖಜಾಂಚಿಯಾಗಿ ನೋಡಿದರೆ ಅದು ಒಂದು ದಿನದ ಮಳೆ. ಅವತ್ತಿನ ದುಡ್ಡಿನಲ್ಲಿ ಚರ್ಚಿನ ಸೂರು ರಿಪೇರಿ ಮಾಡಿಸಬಹುದು. ದೂರದ ಬೆಟ್ಟದೂರಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಇರುವ ಸೇವಕರಿಗೆ ಬಾಡಿಗೆ ಕಟ್ಟಬೇಕಾಗುವುದು ತಿಂಗಳು ತಿಂಗಳು. ಜೂನ್ ಬಂತೆಂದರೆ ಮಕ್ಕಳ ಹಾಸ್ಟೆಲ್ ಫೀಸು. ಅಂಥವರಿಗೆ ಒಮ್ಮೆ ಹತ್ತು ಸಾವಿರ ಕೊಟ್ಟು ಮರೆತುಬಿಡುವವರಿಗಿಂತ ತಿಂಗಳಿಗೆ ಮುನ್ನೂರು ತಪ್ಪದೆ ಕಳಿಸುವವರೇ ಆಧಾರ.

ಇದು ನಾನು ಕಂಡುಹಿಡಿದ ಯುಕ್ತಿಯೇನಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಮೊಗ್ಲಿಂಗ್, 1894ರಲ್ಲಿ ದೊಡ್ಡ ನಿಘಂಟು ಕೊಟ್ಟ ಕಿಟೆಲ್, ಇಬ್ಬರನ್ನೂ ಕಳಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್. ಆ ಮಿಷನ್ನಿಗೆ ಶ್ರೀಮಂತರ ದುಡ್ಡು ಮಾತ್ರ ಬರುತ್ತಿತ್ತು ಅಂದುಕೊಳ್ಳಬೇಡಿ. 19ನೇ ಶತಮಾನದ ನಡುವಿನಲ್ಲಿ ಅವರು ಒಂದು ಸಂಗ್ರಹ ಶುರುಮಾಡಿದರು: ತಲೆಗೆ ವಾರಕ್ಕೆ ಅರ್ಧ ಬಾಟ್ಸೆನ್. ಬಾಟ್ಸೆನ್ ಅಂದರೆ ಅಲ್ಲಿನ ಒಂದು ಚಿಲ್ಲರೆ ನಾಣ್ಯ. ಮನೆಗೆಲಸದವರೂ ಕೊಡಬಹುದಾದ ಮೊತ್ತ. ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ಕೆಲಸಕ್ಕೆ ಅಂಥ ಚಿಲ್ಲರೆಯೂ ಆಸರೆಯಾಗಿತ್ತು. ಮಿಜೋರಾಮಿನ ಹೆಂಗಸರದು ಇನ್ನೂ ಸರಳ. 1910ರಿಂದ ಅಲ್ಲಿ ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ಬೇರೆ ಡಬ್ಬಿಗೆ ಹಾಕುತ್ತಾರೆ, ಅದನ್ನು ಸಭೆ ಒಟ್ಟುಗೂಡಿಸಿ ಮಾರುತ್ತದೆ. ಅಲ್ಲಿನ ಸಭೆಗಳು ಬೇರೆ ರಾಜ್ಯಗಳಿಗೆ ಸೇವಕರನ್ನು ಕಳಿಸುವುದರ ಹಿಂದೆ ಈ ಹಿಡಿ ಅಕ್ಕಿಯೂ ಇದೆ.

ಹೊರಗಿನ ದುಡ್ಡನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಅನ್ನುವುದನ್ನೂ ನಮ್ಮ ನಾಡು ನೋಡಿದೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಮೇಲೆ ಬಾಸೆಲ್ ಮಿಷನ್ನಿನ ಜರ್ಮನ್ನರನ್ನು ಬ್ರಿಟಿಷ್ ಸರ್ಕಾರ ಬಂಧಿಸಿಟ್ಟಿತು, ಆಮೇಲೆ ದೇಶದಿಂದ ಹೊರಗೆ ಕಳಿಸಿತು. ಶಾಲೆ, ಸಭೆ, ಆಸ್ಪತ್ರೆಗಳ ಹೊಣೆ ಇದ್ದಕ್ಕಿದ್ದಂತೆ ಬೇರೆಯವರ ಹೆಗಲಿಗೆ ಬಿತ್ತು. ಅಷ್ಟರಲ್ಲಿ ಕೆಲವರು ಎಚ್ಚೆತ್ತಿದ್ದರು ಅನ್ನಿ. 1903ರಲ್ಲಿ ತಿರುನೆಲ್ವೇಲಿಯಲ್ಲಿ ಒಂದು, 1905ರಲ್ಲಿ ಬಂಗಾಳದ ಸೆರಾಂಪೂರದಲ್ಲಿ ಇನ್ನೊಂದು ಮಿಷನರಿ ಸಂಘ ಹುಟ್ಟಿತ್ತು. ಎರಡರ ಹಿಂದೆಯೂ ಮುಂದೆ ಬಿಷಪ್ ಆದ ವಿ.ಎಸ್. ಅಜರಯ್ಯ ಇದ್ದರು. ಕೆಲಸ ಮಾಡುವವರೂ ನಮ್ಮವರು, ಹಣವೂ ನಮ್ಮದು, ಆಡಳಿತವೂ ನಮ್ಮದೇ ಆಗಿರಬೇಕು ಅನ್ನುವುದು ಅವರ ಹಟ.

ಈಗ ನಿಮ್ಮ ಅಣ್ಣನ ವಿಷಯ. ವಿದೇಶಿ ದೇಣಿಗೆ ಕಾಯ್ದೆ (ಎಫ್‌ಸಿಆರ್‌ಎ) ಕೇಳುವುದು ಕೊಡುವವರ ಪೌರತ್ವವನ್ನು. ಅವರು ಈಗಲೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದು, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರರಾದವರು, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡಿನವರೂ ಸೇರಿ, ಕೊಟ್ಟರೆ ಆಗುತ್ತದೆ. ಅದನ್ನು ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಇಲ್ಲವೇ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯಾದ ಮೇಲೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಅದು ಬರಬೇಕು, ಬಂದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ನೀವು ಬ್ಯಾಂಕಿನವರು, ಇದನ್ನು ನನಗಿಂತ ಚೆನ್ನಾಗಿ ಬಲ್ಲಿರಿ. 'ಅಣ್ಣನ ಸ್ನೇಹಿತರ ದುಡ್ಡೂ ನಿಮ್ಮ ಖಾತೆಗೇ ಬರಲಿ, ನೀವು ಕೊಡಿ' ಅಂತ ಯಾರಾದರೂ ಅಂದರೆ ಕೈಮುಗಿದು ಎದ್ದು ಬನ್ನಿ. ಇನ್ನು ತೆರಿಗೆ ವಿನಾಯಿತಿ ನೆಚ್ಚಿ ಕೊಡಬೇಡಿ. ಬರೀ ಧಾರ್ಮಿಕ ಉದ್ದೇಶದ ಸಂಸ್ಥೆಗಳಿಗೆ ಕೊಟ್ಟದ್ದಕ್ಕೆ ಅದು ಸಿಗುವುದಿಲ್ಲ. ಸಿಗುವ ಕಡೆಯೂ ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ಲೆಕ್ಕಕ್ಕಿಲ್ಲ.

ಯಾರಿಗೆ ಅನ್ನುವುದಕ್ಕೆ ನನ್ನ ಸಲಹೆ, ಮೊದಲು ನಿಮ್ಮ ಸಭೆಯ ತಿಂಗಳ ವಂತಿಗೆ ಕಟ್ಟಿ. ಸಭಾಪಾಲಕರ ಸಂಬಳ, ಕರೆಂಟ್ ಬಿಲ್ಲು ಅದರಿಂದಲೇ ನಡೆಯುವುದು, ಅದನ್ನು ಬಿಟ್ಟು ದೂರದ ಸೇವೆ ಮಾಡುವುದು ಚೆಂದವಲ್ಲ. ಆಮೇಲೆ ಒಬ್ಬರೇ ಒಬ್ಬ ಸೇವಕರನ್ನೋ ಒಂದೇ ಕೆಲಸವನ್ನೋ ಹಿಡಿದುಕೊಳ್ಳಿ. ತಮಿಳುನಾಡಿನ ಫ್ರೆಂಡ್ಸ್ ಮಿಷನರಿ ಪ್ರೇಯರ್ ಬ್ಯಾಂಡ್‌ನಂಥ ಮಿಷನರಿ ಸಂಸ್ಥೆಗಳು ನಿಂತಿರುವುದೇ ಊರೂರಿನ ಸಣ್ಣ ಪ್ರಾರ್ಥನಾ ಗುಂಪುಗಳ ಮೇಲೆ. ನೀವು ಹಿಡಿದ ಸೇವಕರ ಊರು ಯಾವುದು, ಅಲ್ಲಿನ ಭಾಷೆ ಯಾವುದು, ಮಕ್ಕಳು ಎಷ್ಟನೇ ಕ್ಲಾಸು, ಇವಿಷ್ಟು ಗೊತ್ತಿರಲಿ. ಅವರು ಬರೆದ ಪತ್ರಕ್ಕೆ ಎರಡು ಸಾಲು ಉತ್ತರ ಬರೆಯಿರಿ. ನಮ್ಮ ಸಭೆಗೆ ಬಂದಿದ್ದ ಒಬ್ಬ ಸೇವಕರ ಹೆಂಡತಿ ಹೇಳಿದ ಮಾತು: 'ದುಡ್ಡು ತಿಂಗಳಾ ಬರತೈತಿ ಅಣ್ಣಾರೆ, ಅಕ್ಕಾ ಹೆಂಗದೀರಿ ಅಂತ ಕೇಳೋರೇ ಇಲ್ಲ.'

ವಾಟ್ಸಾಪ್ ಕ್ಯೂಆರ್ ಕೋಡ್‌ಗಳನ್ನು ನಾನು ನೇರ ಅಳಿಸುತ್ತೇನೆ. ಸ್ಕ್ಯಾನ್ ಮಾಡಿದರೆ ಸಂಸ್ಥೆಯ ಹೆಸರಿನ ಬದಲು ಯಾರದೋ ಸ್ವಂತ ಹೆಸರು ಬರುತ್ತದೆ. ಒಂದೇ ಅನಾಥ ಮಕ್ಕಳ ಫೋಟೋ ಎರಡು ಬೇರೆ ಬೇರೆ ಹೆಸರಿನಲ್ಲಿ ನನ್ನ ಮೊಬೈಲಿಗೆ ಬಂದದ್ದಿದೆ. ರಸೀದಿ, ಆಡಿಟ್ ವರದಿ, ಮೇಲೆ ನೋಡಿಕೊಳ್ಳುವವರು ಯಾರು, ಈ ಮೂರು ಕೇಳಿ. 'ದೇವರ ಕೆಲಸಕ್ಕೆ ಲೆಕ್ಕ ಕೇಳ್ತೀರಾ' ಅಂತ ಮುನಿಸಿಕೊಂಡರೆ ಉತ್ತರ ಸಿಕ್ಕ ಹಾಗೆಯೇ. ಯೆರೂಸಲೇಮಿನ ಬಡವರಿಗಾಗಿ ಎತ್ತಿದ ದೊಡ್ಡ ಮೊತ್ತವನ್ನು ಪೌಲ ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಯಾರೂ ಬೆರಳು ತೋರಿಸಬಾರದು ಅಂತ ಸಭೆಗಳೇ ಆರಿಸಿದವರನ್ನು ಜೊತೆಗಿಟ್ಟುಕೊಂಡ, ಎರಡನೇ ಕೊರಿಂಥದ 8ನೇ ಅಧ್ಯಾಯದಲ್ಲಿದೆ. ಅಪೊಸ್ತಲನೇ ಲೆಕ್ಕಕ್ಕೆ ಹೆದರಿದ್ದ ಮೇಲೆ ಉಳಿದವರದ್ದೇನು?

ದುಡ್ಡು ಕೊಟ್ಟರೆ ಸಾಕೇ ಅಂದಿರಿ. ಸಾಲದು. ಆದರೆ ಅದಕ್ಕೆ ಉತ್ತರವಾಗಿ ಬಸ್‌ಸ್ಟ್ಯಾಂಡಿನಲ್ಲಿ ಕರಪತ್ರ ಹಂಚಿ ಅಂತ ನಾನು ಹೇಳುವುದಿಲ್ಲ. ದಾವಣಗೆರೆ ಆಸ್ಪತ್ರೆಗಳ ಊರು. ಜಗಳೂರು, ಹರಪನಹಳ್ಳಿ, ಹೊಳಲ್ಕೆರೆ ಕಡೆಯಿಂದ ರೋಗಿಗಳನ್ನು ಕರೆದುಕೊಂಡು ಬಂದವರು ಕಾರಿಡಾರಿನಲ್ಲೇ ಮಲಗುತ್ತಾರೆ. ನಮ್ಮ ಸಭೆಯಲ್ಲಿ ಒಬ್ಬರು ನಿವೃತ್ತ ಗುಮಾಸ್ತರಿದ್ದಾರೆ. ಅವರ ಕೈಚೀಲದಲ್ಲಿ ಇರುವುದು ಎರಡು ಪೆನ್ನು, ಒಂದು ಸ್ಟೇಪ್ಲರ್, ಗೋಂದಿನ ಡಬ್ಬಿ, ಜೆರಾಕ್ಸಿಗೆ ಬೇಕಾದ ಚಿಲ್ಲರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ ಅನ್ನುವುದು ಹಲವರಿಗೆ ಗೊತ್ತು. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ತರದೆ ಖಾಸಗಿ ಆಸ್ಪತ್ರೆಗೆ ಬಂದು, ಕೌಂಟರಿನಲ್ಲಿ ನಿಂತು ಕಣ್ಣು ಕಣ್ಣು ಬಿಡುವವರೂ ಅವರೇ. ನಮ್ಮ ಗುಮಾಸ್ತರು ಪಕ್ಕದಲ್ಲಿ ಕೂತು ಫಾರಂ ತುಂಬುತ್ತಾರೆ, ಯಾವ ಕಾಗದ ಇಲ್ಲ ಅಂತ ನೋಡುತ್ತಾರೆ, ಯಾವ ಕೌಂಟರಿಗೆ ಹೋಗಬೇಕೋ ಅಲ್ಲಿಗೆ ಜೊತೆಗೆ ನಡೆಯುತ್ತಾರೆ.

ಒಮ್ಮೆ ನಾನೂ ಜೊತೆಗಿದ್ದೆ. ಒಬ್ಬ ಅಜ್ಜಿ ಇವರನ್ನೇ ದಿಟ್ಟಿಸಿ ನೋಡಿ, 'ನೀವ್ ಆಸ್ಪತ್ರಿಯೋರೇನಪ್ಪಾ?' ಅಂದಳು.

'ಅಲ್ಲವ್ವಾ, ಚರ್ಚಿನೋರು.'

'ಹರಿಹರದ ಮಾತೆ ಗುಡಿಯೋರಾ? ನಾ ಸೆಪ್ಟೆಂಬರ್ ಜಾತ್ರಿಗೆ ಬರ್ತೀನಲ್ಲ!'

ನಾವು ಕ್ಯಾಥೊಲಿಕರಲ್ಲ, ಆರೋಗ್ಯ ಮಾತೆಯ ಬೆಸಿಲಿಕಾ ನಮ್ಮದಲ್ಲ. ಈ ಭಾಗದ ಹಳ್ಳಿಯವರಿಗೆ ಅದೆಲ್ಲ ಒಂದೇ. ನಮ್ಮ ಗುಮಾಸ್ತರು ತಿದ್ದಲು ಹೋಗಲಿಲ್ಲ, 'ಹೂಂ ಅಂತಿಟ್ಕ, ಇಲ್ಲಿ ಹೆಬ್ಬೆಟ್ಟು ಒತ್ತು' ಅಂದರು. ಪ್ರಾರ್ಥನೆ ಮಾಡಲಾ ಅಂತಲೂ ಕೇಳಲಿಲ್ಲ. ತಾನಾಗಿ ಕೇಳಿಕೊಂಡವರಿಗೆ ಮಾಡುತ್ತಾರೆ. ಫಾರಮಿಗೂ ನಂಬಿಕೆಗೂ ಗಂಟು ಹಾಕಬಾರದು ಅನ್ನುವುದು ಅವರ ಕಟ್ಟುನಿಟ್ಟು, ನನ್ನದೂ ಅದೇ. ಸಹಾಯದ ಹಿಂದೆ ಷರತ್ತು ಇದೆ ಅಂತ ಒಬ್ಬರಿಗೆ ಅನ್ನಿಸಿದರೂ ಆ ಕಾರಿಡಾರಿನಲ್ಲಿ ಮತ್ತೆ ನಮ್ಮನ್ನು ಯಾರೂ ನಂಬುವುದಿಲ್ಲ.

ನಿಮಗೆ ಎರಡನೇ, ನಾಲ್ಕನೇ ಶನಿವಾರ ರಜೆ ಇದೆ, ಫಾರಂ ತುಂಬುವುದು ನಿಮಗೆ ನೀರು ಕುಡಿದಷ್ಟು ಸಲೀಸು. ನಿಮ್ಮ ಸಭೆಯಲ್ಲಿ ಇಂಥ ಕೆಲಸ ಇಲ್ಲದಿದ್ದರೆ ಸಭಾಪಾಲಕರಿಗೆ ಹೇಳಿ ನೀವೇ ಶುರುಮಾಡಿ, ಆಸ್ಪತ್ರೆಯವರ ಒಪ್ಪಿಗೆ ಮೊದಲೇ ಪಡೆಯಿರಿ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಹೋಗಿ, ಹತ್ತಾದರೆ ಕೌಂಟರಿನ ಮುಂದೆ ನಿಲ್ಲಲೂ ಜಾಗ ಇರುವುದಿಲ್ಲ.