ಸಿಮ್ ಎಣಿಸಿದರೆ ಸಾಲದು

ಉಡುಪಿಯ ಸಮೀಕ್ಷೆಯಲ್ಲಿ ಮನೆಗೊಂದು ಮೊಬೈಲ್ ಇದ್ದರೆ ಎಲ್ಲರಿಗೂ ಇದೆ ಅಂತ ಬರೆದುಕೊಳ್ಳಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ಎಣಿಸುವುದು ಸಂಪರ್ಕಗಳನ್ನು, ಜನರನ್ನಲ್ಲ. ಎರಡು ಸಿಮ್ ಇರುವವರು ಅಲ್ಲಿ ಎರಡು ಸಲ ಬರುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ತಾವೇ ಬಳಸುವ ಮೊಬೈಲ್ ಇದೆ ಅಂದ ಹೆಂಗಸರು 2019-21ರಲ್ಲಿ ದೇಶದಲ್ಲಿ ಸುಮಾರು ಶೇ 54 ಮಾತ್ರ.

ಇನ್ನು ಫೋನ್ ಇದ್ದರೂ ಬೇರೆಯವರ ಮೇಲಿನ ಅವಲಂಬನೆ ತಪ್ಪುವುದಿಲ್ಲ. ನಮ್ಮ ಮಲ್ಪೆ ಕಡೆ ಅಮ್ಮನ ಕೈಯಲ್ಲಿ ಕೀಪ್ಯಾಡ್ ಸೆಟ್ಟು ಇರುತ್ತದೆ, ಬ್ಯಾಂಕಿನ ಒಟಿಪಿ ಹೋಗುವುದು ಮುಂಬಯಿಯಲ್ಲಿರುವ ಮಗನ ನಂಬರಿಗೆ. ಅವನು ಡ್ಯೂಟಿಯಲ್ಲಿದ್ದರೆ ಕೆಲಸ ಅಲ್ಲಿಗೇ ನಿಂತಿತು. ಇದೇ ನಿಜವಾದ ಕೊರತೆ ಅಲ್ವಾ? ಹಾಗಾಗಿ ಸಿಮ್ ಯಾರ ಹೆಸರಲ್ಲಿದೆ, ರೀಚಾರ್ಜ್ ಯಾರು ಮಾಡಿಸುತ್ತಾರೆ, ಒಟಿಪಿ ಯಾರಿಗೆ ಬರುತ್ತದೆ ಅಂತಲೂ ಕೇಳಿ. ಹೆಂಗಸರನ್ನೇ ನೇರವಾಗಿ ಕೇಳಿ.