ಹೂ ಉದುರಿಸುತ್ತಿರುವ ಮೆಣಸಿನ ಗಿಡ: ಪ್ರತಿಕ್ರಿಯೆ

ಬ್ಯಾಗಿನಲ್ಲಿ ಬೆಳೆಸಿದ ನಿಮ್ಮ ಮೆಣಸಿನ ಗಿಡ ಹೂ ಉದುರಿಸುತ್ತಿದೆ, ಚಿಗುರು ಮುದುಡಿದೆ, ಕೆಳಗಿನ ಎಲೆ ಹಳದಿಯಾಗಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಹೂ ಉದುರುವುದು, ಚಿಗುರೆಲೆ ಮಗುಚಿದ ದೋಣಿಯಂತೆ ಕೆಳಮುಖವಾಗಿ ಮುದುಡುವುದು, ಎಲೆಯ ತೊಟ್ಟು ಉದ್ದವಾಗುವುದು: ನೀವು ಬರೆದ ಈ ಮೂರೂ ಒಟ್ಟಿಗಿದ್ದರೆ ಬಹುಮಟ್ಟಿಗೆ ಮೈಟ್ ನುಸಿಯೇ (ಇದು ಕೀಟವಲ್ಲ, ಜೇಡದ ಬಳಗದ ಅತಿ ಸಣ್ಣ ಜೀವಿ). ಎಲೆ ಮೇಲ್ಮುಖವಾಗಿ ಮುದುಡಿದ್ದರೆ ಥ್ರಿಪ್ಸ್ ಎಂಬ ಸಣ್ಣ ಕೀಟ ಎನ್ನುತ್ತಿದ್ದೆ. ಯೂರಿಯಾ ಹಾಕುವುದನ್ನು ಈಗಲೇ ನಿಲ್ಲಿಸಿ, ಅದರಿಂದ ಎಳೆ ಚಿಗುರು ಹೆಚ್ಚಿ ನುಸಿಗೆ ಇನ್ನಷ್ಟು ಮೇವು ಸಿಗುತ್ತದೆ.

ಈ ನುಸಿ ಬರಿಗಣ್ಣಿಗೆ ಕಾಣುವುದು ಕಷ್ಟ. ತುದಿ ಎಲೆಯ ಅಡಿಭಾಗವನ್ನು 10 ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ; ತಿಳಿಹಳದಿ ಚುಕ್ಕಿಗಳು ಹರಿದಾಡುತ್ತಿದ್ದರೆ ಅನುಮಾನವಿಲ್ಲ.

ತೀರಾ ಮುದುಡಿದ ತುದಿಗಳನ್ನು ಚಿವುಟಿ ಕವರಿಗೆ ಹಾಕಿ, ಕಾಂಪೋಸ್ಟಿಗೆ ಬೇಡ. ಬಲಿತ ಕಾಯಿ ಕಿತ್ತುಕೊಳ್ಳಿ. ಆಮೇಲೆ ನೀರಿನಲ್ಲಿ ಬೆರೆಯುವ ಶೇ. 80ರ ಗಂಧಕದ ಪುಡಿ, ಲೀಟರ್ ನೀರಿಗೆ 3 ಗ್ರಾಂ, ಸಂಜೆ ಹೊತ್ತು ಎಲೆಯ ಅಡಿಭಾಗ ತೋಯುವಂತೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಬೇವಿನೆಣ್ಣೆ ಹೊಡೆದು ಎರಡು ವಾರ ಆಗಿರದಿದ್ದರೆ ಕಾಯಿರಿ, ಎರಡೂ ಸೇರಿದರೂ ಸುಡುತ್ತದೆ. 8-10 ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸಿ. ಅಂಗಡಿಯವರು ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಕೊಟ್ಟರೆ ದಯವಿಟ್ಟು ತರಬೇಡಿ. ಅದು ರಸ ಹೀರುವ ಕೀಟಕ್ಕೆ, ನುಸಿಯನ್ನು ಕೊಲ್ಲುವುದಿಲ್ಲ.

ಹಳೆಯ ಮುದುಡು ಬಿಚ್ಚಿಕೊಳ್ಳುವುದಿಲ್ಲ, ಹೊಸ ಚಿಗುರನ್ನು ನೋಡಿ.

ಕೆಳಗಿನ ಎಲೆ ಹಳದಿಯಾಗಿರುವುದು ಬೇರೆ ವಿಷಯವಿರಬಹುದು. ಮಣ್ಣು ಎರಡು ಇಂಚು ಆಳದಲ್ಲೂ ಒದ್ದೆಯಿದ್ದರೆ ನೀರು ಹೆಚ್ಚಾಗಿದೆ, ಬ್ಯಾಗಿನ ತೂತುಗಳನ್ನು ಬಿಡಿಸಿ. ಚಿಗುರಿನ ನರಗಳೂ ಹಳದಿಯಾಗಿ, ಎರಡು ಸಿಂಪಡಣೆಯ ನಂತರವೂ ಗಿಡ ಕುಬ್ಜವಾಗೇ ಉಳಿದರೆ ವೈರಸ್ ಇರಬಹುದು. ಅದಕ್ಕೆ ಔಷಧವಿಲ್ಲ, ಪಕ್ಕದ ಗಿಡಗಳಿಗೆ ಹರಡುವ ಮುನ್ನ ಕಿತ್ತುಬಿಡಿ.