ನಿಮ್ಮ ಮೇಯರ್‌ಗೆ ಹಾರ ಹಾಕಿದ್ದು ಸಾಕು

ನಮಸ್ಕಾರ. ನ್ಯೂಯಾರ್ಕ್ ರಾಜ್ಯದ ಷೆನೆಕ್ಟಡಿ ಊರಿನ ಸಮಾಜವಾದಿ ಮೇಯರ್ ಜಾರ್ಜ್ ಲನ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆ. ವಿಷಯ ಸೊಗಸಾಗಿದೆ, ಬರೆದದ್ದು ಮಾತ್ರ ಸನ್ಮಾನ ಪತ್ರದ ಹಾಗಿದೆ. ಮೊದಲ ಪುಟದಲ್ಲೇ 'ಧೀಮಂತ', 'ಜನಪರ', 'ದೂರದೃಷ್ಟಿಯ' ಎಲ್ಲ ಬಂದು ಕೂತಿವೆ, ಆ ಮನುಷ್ಯ ಇನ್ನೂ ಬಂದಿಲ್ಲ.

ನಾಲ್ಕನೇ ಪುಟದಲ್ಲಿ ಐಸ್ ವಿಷಯವನ್ನು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಅಯ್ಯೋ, ಕಥೆ ಇರುವುದೇ ಅಲ್ಲಿ! 1912ರಲ್ಲಿ ಜನರ ಮನೆಯಲ್ಲಿ ಫ್ರಿಜ್ ಎಲ್ಲಿತ್ತು? ಬೇಸಿಗೆಯಲ್ಲಿ ಹಾಲು ಕೆಡಬಾರದು ಅಂದರೆ ಐಸ್ ಗಡ್ಡೆ ಕೊಳ್ಳಬೇಕು, ಅದೂ ವ್ಯಾಪಾರಿ ಹೇಳಿದ ರೇಟಿಗೆ. ನಗರಸಭೆಯಿಂದಲೇ ಅಗ್ಗಕ್ಕೆ ಮಾರೋಣ ಅಂತ ಲನ್ ಹೊರಟರೆ ಕೋರ್ಟಿನಿಂದ ತಡೆಯಾಜ್ಞೆ ಬಂತು. ಚುನಾವಣೆ ಗೆದ್ದು ಕುರ್ಚಿಯಲ್ಲಿ ಕೂತ ಮೇಲೂ ಮೇಯರ್‌ಗೆ ಒಂದು ಗಡ್ಡೆ ಐಸ್ ಮಾರುವ ಅಧಿಕಾರ ಇರಲಿಲ್ಲ! ಇದನ್ನು ಬಿಟ್ಟು ಅವರು ಓದಿದ ಕಾಲೇಜುಗಳ ಪಟ್ಟಿ ಯಾಕೆ?

ಚರ್ಚಿನ ಪಾದ್ರಿಯಾಗಿದ್ದವರು ಮೇಯರ್ ಆಗಿದ್ದು, ಲನ್ ಕಾಲದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿ ಸ್ಟೈನ್‌ಮೆಟ್ಸ್ ಊರಿನ ಶಾಲಾ ಮಂಡಳಿಗೆ ಬಂದಿದ್ದು, ಇವೆರಡು ಇರಲಿ, ಚಿಕ್ಕದಾಗಿ. ಆದರೆ ಮುಂದೆ ಹೆಸರಾಂತ ಪತ್ರಕರ್ತರಾದ ವಾಲ್ಟರ್ ಲಿಪ್‌ಮನ್‌ರನ್ನು ಸುಮ್ನೆ 'ಆಪ್ತ ಕಾರ್ಯದರ್ಶಿ' ಅಂದು ಬಿಡಬೇಡಿ. ಆಗಿನ್ನೂ 22ರ ಹುಡುಗ, ಕೆಲವೇ ತಿಂಗಳಲ್ಲಿ ಬೇಸತ್ತು ಕೆಲಸ ಬಿಟ್ಟು ಹೋದ. ಹತ್ತಿರದಿಂದ ನೋಡಿ ಒಪ್ಪದವನ ಮಾತು ನಿಮ್ಮ ಹತ್ತು ಹೊಗಳಿಕೆಗಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ. ಹಾಗೇ, ಅದೇ ವರ್ಷ ನ್ಯೂಯಾರ್ಕ್ ರಾಜ್ಯದ್ದೇ ಆದ ಲಿಟ್ಲ್ ಫಾಲ್ಸ್ ಊರಿನಲ್ಲಿ ಬಟ್ಟೆ ಗಿರಣಿ ಕಾರ್ಮಿಕರ ಮುಷ್ಕರದಲ್ಲಿ ಭಾಷಣ ಮಾಡಲು ಹೋಗಿ ಲನ್ ಅರೆಸ್ಟ್ ಆದರು. ಒಂದೂರಿನ ಮೇಯರ್ ಇನ್ನೊಂದೂರಿನ ಪೊಲೀಸರ ಕೈಯಲ್ಲಿ! ನಿಮ್ಮ ಲೇಖನದಲ್ಲಿ ಇದು ಬರೀ 'ಹೋರಾಟಗಳಲ್ಲಿ ಭಾಗವಹಿಸಿದರು' ಆಗಿಬಿಟ್ಟಿದೆ.

ಕೊನೆಗೆ ನನಗೆ ಸಿಟ್ಟು ಬಂದ ಜಾಗ: 'ಮುಂದೆ ಉನ್ನತ ಹುದ್ದೆಗಳನ್ನು ಅಲಂಕರಿಸಿದರು'. ನಗರಸಭೆಯ ಹುದ್ದೆಗಳಿಗೆ ಯಾರನ್ನು ನೇಮಿಸಬೇಕು ಅನ್ನುವುದರಲ್ಲಿ ಸ್ವಂತ ಪಕ್ಷದ ಜೊತೆಗೇ ಜಗಳವಾಗಿ, 1916ರಲ್ಲಿ ಅದನ್ನು ಬಿಟ್ಟು ಡೆಮಾಕ್ರಟ್ ಆಗಿ ಅಮೆರಿಕದ ಸಂಸತ್ತಿಗೆ ಗೆದ್ದವರು ಅವರು. ಪಕ್ಷಾಂತರವನ್ನು ದಿನಾ ನೋಡುವ ನಮ್ಮ ಓದುಗರಿಂದ ಇದನ್ನು ಮುಚ್ಚಿಡುವುದೇ?

ಐಸಿನಿಂದ ಶುರು ಮಾಡಿ ಇನ್ನೊಮ್ಮೆ ಬರೆಯಿರಿ. ಆರು ಪುಟ ಬೇಡ, ಮೂರು ಸಾಕು. ಮುಂದಿನ ತಿಂಗಳ ಸಂಚಿಕೆಯಲ್ಲಿ ಜಾಗ ಇಟ್ಟಿದ್ದೇನೆ.